ರಂಗಸ್ಥಳದಿಂದ ಮನೆಗೆ: ಮಹಾಲಿಂಗಪುರ ಪರಿಸರದ ಗಾಯನಕಲೆ ಮತ್ತು ಮುದ್ರಿತ ಪ್ರದರ್ಶನದ ಆಧಾರಮೌಲ್ಯ

ಅರಸುಮನೆತನಗಳ ಇತಿಹಾಸವನ್ನು ಬರೆಯಹೊರಟವರಿಗೆ ಶಾಸನಗಳಿವೆ, ಸನದುಗಳಿವೆ, ಕೈಫಿಯತ್ತುಗಳಿವೆ, ದಫ್ತರಗಳಿವೆ. ಹಾಡಿ ಕುಣಿದು ಬದುಕಿದವರ ಇತಿಹಾಸವನ್ನು ಬರೆಯಹೊರಟವರಿಗೆ ಇಂಥ ಆಸರೆ ಬಹಳ ಕಡಮೆ. ರಾತ್ರಿ ಆರಂಭವಾದ ಆಟ ಬೆಳಗಿಗೆ ಮುಗಿದರೆ ಅದರ ಕುರುಹು ನೋಡಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು. ಆ ತಲೆಮಾರಿನೊಡನೆ ಅದೂ ಅಳಿಯುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಹರಡಿದ ಧ್ವನಿಮುದ್ರಣವೂ ಅದರ ತರುವಾಯ ಬಂದ ದೃಶ್ಯಮುದ್ರಣವೂ ಈ ಸ್ಥಿತಿಯನ್ನು ಬದಲಿಸಿದವು. ಸಾವಿರಾರು ಜನರ ಮುಂದೆ ನಡೆಯುವ ಪ್ರದರ್ಶನವನ್ನು ಮುದ್ರಿಸಿ, ಮನೆಯಲ್ಲಿ ಕುಳಿತು ಕೇಳುವ ಅಥವಾ ನೋಡುವ ವಸ್ತುವನ್ನಾಗಿ ಮಾರುವ ಪದ್ಧತಿ ಬೆಳೆಯಿತು. ಇಂಥ ಮುದ್ರಿಕೆಯನ್ನು ಇತಿಹಾಸಕಾರನು ಎಷ್ಟರಮಟ್ಟಿಗೆ ನಂಬಬಹುದು, ಅದರಿಂದ ಯಾವ ಸಂಗತಿಗಳನ್ನು ತಿಳಿಯಬಹುದು ಎಂಬುದನ್ನು ಮಹಾಲಿಂಗಪುರದ ಸುತ್ತಣ ಪ್ರದೇಶವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಬಂಧದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಮೊದಲು ಪ್ರದೇಶದ ಸ್ವರೂಪವನ್ನು ತಿಳಿಯುವುದು ಅವಶ್ಯ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವೆ ನೇಕಾರಿಕೆಗೂ ಬೆಲ್ಲದ ಪೇಟೆಗೂ ಹೆಸರಾದ ಮಹಾಲಿಂಗಪುರವಿದೆ. ಇಂದು ಇದೆಲ್ಲವೂ 1997ರಲ್ಲಿ ರೂಪುಗೊಂಡ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆದರೆ 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಈ ಚಿಕ್ಕ ಸೀಮೆಯು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮಹಾಲಿಂಗಪುರವು ಘೋರ್ಪಡೆಯವರ ಮುಧೋಳ ಸಂಸ್ಥಾನದಲ್ಲಿತ್ತು; ಜಮಖಂಡಿಯು ಪಟವರ್ಧನರ ಒಂದು ಶಾಖೆಗೆ, ರಬಕವಿಯು ಸಾಂಗಲಿಯ ಪಟವರ್ಧನರಿಗೆ ಸೇರಿದ್ದವು. ಪೂರ್ವದ ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಜನರ ಮಾತು ಕನ್ನಡ. ದರಬಾರಿನ ಭಾಷೆ ಬಹುಮಟ್ಟಿಗೆ ಮರಾಠಿ. ಈ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸ್ಪಷ್ಟವಾಗುತ್ತದೆ.

ಈ ಸೀಮೆಯ ಪ್ರಧಾನ ರಂಗಕಲೆ ಶ್ರೀಕೃಷ್ಣಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯು ನೆರೆಯ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನ ಕೈಯಲ್ಲಿ ಆಟದ ರೂಪವನ್ನು ತಾಳಿತೆಂಬುದು ಪ್ರಸಿದ್ಧ. ಕೃಷ್ಣನು ಪಾರಿಜಾತ ಪುಷ್ಪವನ್ನು ರುಕ್ಮಿಣಿಗೆ ಕೊಟ್ಟದ್ದು, ಸತ್ಯಭಾಮೆ ಮುನಿದದ್ದು, ಅವಳನ್ನು ಅವನು ಒಲಿಸಿದ್ದು ಇದರ ಕಥೆ. ಹಾಡುಗಳು ನಿಶ್ಚಿತವಾಗಿವೆ, ಆದರೆ ಭಾಗವತನಿಗೂ ಪಾತ್ರಧಾರಿಗೂ ನಡೆಯುವ ಗದ್ಯಸಂವಾದ ಬಹುಮಟ್ಟಿಗೆ ಆಶುವಾದದ್ದು. ಊರಿನ ಸುದ್ದಿ, ಮುಂದೆ ಕುಳಿತ ಹಿರಿಯರ ಹೆಸರು, ಆ ವರ್ಷದ ಮಳೆಬೆಳೆಯ ಪ್ರಸ್ತಾಪ ಎಲ್ಲವೂ ಅದರಲ್ಲಿ ಸೇರಬಲ್ಲವು. ಆದುದರಿಂದ ಒಂದೂರಿನ ಪಾರಿಜಾತ ಮತ್ತೊಂದೂರಿನ ಪಾರಿಜಾತವಲ್ಲ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಕೀರ್ತಿ ಇಂಥ ರಾತ್ರಿಗಳಿಂದಲೇ ಬೆಳೆದದ್ದು. ಆಕೆಯ ಕಾಲದ ಆಟವೊಂದನ್ನು ಮೊದಲಿನಿಂದ ಕೊನೆಯವರೆಗೆ ಪುನರ್ನಿರ್ಮಿಸಬೇಕೆಂದರೆ ಹಾಡಿನ ಪಠ್ಯವೊಂದೇ ಸಾಲದು ಎಂಬುದು ಇದರಿಂದ ವಿದಿತವಾಗುತ್ತದೆ.

ಪಾರಿಜಾತದ ಜೊತೆಯಲ್ಲಿಯೇ ಕಂಪನಿ ನಾಟಕಗಳ ಪ್ರಭಾವವೂ ಇಲ್ಲಿ ಬಲವಾಗಿತ್ತು. 1843ರಲ್ಲಿ ಸಾಂಗಲಿಯ ಅರಸನ ಆಶ್ರಯದಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾಸ್ವಯಂವರ’ದಿಂದ ಮರಾಠಿ ರಂಗಭೂಮಿಯ ಚರಿತ್ರೆಯನ್ನು ಆರಂಭಿಸುವುದು ರೂಢಿ. ಅದಕ್ಕೆ ಪ್ರೇರಣೆ ದೊರೆತದ್ದು ಉತ್ತರ ಕನ್ನಡದ ಕರ್ಕಿಯಿಂದ ಸಾಂಗಲಿಗೆ ಬಂದ ಮೇಳದಿಂದ. ಮುಂದೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ಪುಣೆಯಲ್ಲಿ ಆಡಿ ಸಂಗೀತ ನಾಟಕದ ಯುಗವನ್ನೇ ತೆರೆದರು. ಕನ್ನಡದಲ್ಲಿ ಶಿರಹಟ್ಟಿ ವೆಂಕೋಬರಾಯರು, ಗರೂಡ ಸದಾಶಿವರಾಯರು ಮೊದಲಾದವರ ಕಂಪನಿಗಳು ತಲೆಯೆತ್ತಿದವು. ಹೀಗೆ ಎರಡು ಭಾಷೆಗಳ ರಂಗಭೂಮಿಗಳ ನಡುವೆ ಕಲಾವಿದರೂ ಮಟ್ಟುಗಳೂ ಸಲೀಸಾಗಿ ಓಡಾಡುತ್ತಿದ್ದ ಕಾಲವದು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದ ರಾಮಭಾವು ಅವರು ಸವಾಯಿ ಗಂಧರ್ವರೆಂದು ಪ್ರಸಿದ್ಧರಾದದ್ದು ಮರಾಠಿ ರಂಗದ ಮೇಲೆಯೇ.

ಈ ಹಿನ್ನೆಲೆಯಲ್ಲಿ ಬೀಳಗಿಯ ಇಬ್ಬರು ಸೋದರಿಯರನ್ನು ನೋಡಬೇಕು. ಗೋಹರಬಾಯಿ ಹಿರಿಯಳು, ಅಮೀರಬಾಯಿ ಕಿರಿಯಳು. ಇಬ್ಬರೂ ಕನ್ನಡ ವೃತ್ತಿರಂಗದ ವಾತಾವರಣದಲ್ಲಿ ಬೆಳೆದು ಮುಂಬಯಿಗೆ ಹೋದವರು. ಗೋಹರಬಾಯಿ ಬಾಲಗಂಧರ್ವರ ಮಂಡಳಿಯನ್ನು ಸೇರಿ ನಾಯಿಕೆಯ ಪಾತ್ರಗಳನ್ನು ವಹಿಸಿದರು. 1951ರಲ್ಲಿ ಬಾಲಗಂಧರ್ವರನ್ನು ವಿವಾಹವಾದರು. ಅಮೀರಬಾಯಿ 1934ರ ‘ವಿಷ್ಣುಭಕ್ತಿ’ಯಿಂದ ಚಿತ್ರಪಟವನ್ನು ಪ್ರವೇಶಿಸಿದರು. 1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ಚಿತ್ರಕ್ಕಾಗಿ ಅನಿಲ ಬಿಸ್ವಾಸರ ಸಂಗೀತದಲ್ಲಿ ಅವರು ಹಾಡಿದ ಹಾಡುಗಳು ದೇಶದಲ್ಲೆಲ್ಲ ಹರಡಿದವು. ಆ ಚಿತ್ರ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ 3 ವರ್ಷಕ್ಕೂ ಮೇಲ್ಪಟ್ಟು ನಡೆಯಿತು. 1948ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತವನ್ನು ಒದಗಿಸಿದರು. 1965ರಲ್ಲಿ ಅವರು ತೀರಿಕೊಂಡರು. ಕನ್ನಡದಲ್ಲಿ ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನವನ್ನು ಕುರಿತು ಗ್ರಂಥವನ್ನು ರಚಿಸುವವರೆಗೂ ನಮ್ಮಲ್ಲಿ ಅವರ ಬಗ್ಗೆ ವ್ಯವಸ್ಥಿತವಾದ ಅಧ್ಯಯನ ನಡೆದಿರಲಿಲ್ಲ. ಗೋಹರಬಾಯಿಯವರಂತೂ ಬಹುತೇಕ ಬರಹಗಳಲ್ಲಿ ಮಹಾನಟನೊಬ್ಬನ ಜೀವನದ ಒಂದು ಅಧ್ಯಾಯವಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಇಂಥವರ ವಿಷಯದಲ್ಲಿ ಅವರ ಸ್ವಂತದ್ದೆಂದು ಹೇಳಬಹುದಾದ ಆಧಾರ ಒಂದೇ; ಅದು ಗ್ರಾಮೊಫೋನಿನ ತಟ್ಟೆ.

ಭಾರತದಲ್ಲಿ ವ್ಯಾಪಾರಕ್ಕಾಗಿ ಧ್ವನಿಮುದ್ರಣ ಬೇರೂರಿದ್ದು 1902ರ ನವೆಂಬರಿನಲ್ಲಿ, ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರನ್ನು ಹಾಡಿಸಿದಾಗ. 1908ರಲ್ಲಿ ಅದೇ ನಗರದಲ್ಲಿ ತಟ್ಟೆಗಳ ಕಾರಖಾನೆ ಆರಂಭವಾಯಿತು. ತಟ್ಟೆಗೆ ಬೇಕಾದ ಅರಗು ಈ ದೇಶದ್ದೇ ಆಗಿತ್ತು. ಕೈಯಿಂದ ಚಾವಿ ಕೊಟ್ಟು ತಿರುಗಿಸುವ ಪೆಟ್ಟಿಗೆಗೆ ವಿದ್ಯುಚ್ಛಕ್ತಿಯ ಅಗತ್ಯವಿರಲಿಲ್ಲವಾದುದರಿಂದ ವಿದ್ಯುತ್ತು ಮುಟ್ಟದ ಊರುಗಳನ್ನೂ ಹಾಡು ಮುಟ್ಟಿತು. ಮನೆಯೊಳಗೆ ಕುಳಿತು ನಟಿಯ ಹಾಡನ್ನು ಕೇಳುವುದು ಸಾಧ್ಯವಾಯಿತು. ನಾಟಕಕ್ಕೆ ಹೋಗುವುದೇ ಕೀಳೆಂದು ಎಣಿಸಿದ್ದ ಮನೆತನಗಳಲ್ಲಿ, ವಿಶೇಷವಾಗಿ ಆ ಮನೆಗಳ ಹೆಂಗಸರಿಗೆ, ಇದೊಂದು ಸಣ್ಣ ಬದಲಾವಣೆಯಲ್ಲ.

ಆದರೆ ತಟ್ಟೆಯಲ್ಲಿರುವುದು ನಾಟಕವಲ್ಲ ಎಂಬುದನ್ನು ಮರೆಯಲಾಗದು. ಸಾಮಾನ್ಯವಾದ 10 ಅಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿನಲ್ಲಿ ಸುಮಾರು 3 ನಿಮಿಷಗಳ ಹಾಡನ್ನು ಹಿಡಿಯುತ್ತಿತ್ತು. ರಂಗದ ಮೇಲೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದಂತೆಲ್ಲ ಬೆಳೆಯುತ್ತಿದ್ದ ಪದ, ಇಲ್ಲಿ ಗಡಿಯಾರದ ಮುಳ್ಳಿಗೆ ಕಟ್ಟುಬೀಳಬೇಕಾಯಿತು. ಆಲಾಪ ಮೊಟಕಾಯಿತು, ಪುನರಾವೃತ್ತಿ ಕಡಮೆಯಾಯಿತು, ಪ್ರಮುಖವಾದ ತಾನುಗಳು ಮಾತ್ರ ಉಳಿದವು. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬರುವ ಮೊದಲು ಗಾಯಕಿ ಕಹಳೆಯಾಕಾರದ ಕೊಳವೆಗೆ ಬಾಯೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. ಎದುರಿಗೆ ಪ್ರೇಕ್ಷಕರಿಲ್ಲ, ಗ್ಯಾಸಬತ್ತಿಯಿಲ್ಲ, ಕಾಲ್ಪೇಟಿಯ ಮುಂದೆ ಕುಳಿತು ತಲೆದೂಗುವ ರಸಿಕರಿಲ್ಲ. ಆದಕಾರಣ ಮೂರು ನಿಮಿಷದ ತಟ್ಟೆಯನ್ನು ಕೇಳಿ ‘ಅಂದಿನವರು ಹೀಗೆ ಹಾಡುತ್ತಿದ್ದರು’ ಎಂದು ನಿರ್ಣಯಿಸುವುದು ಅವಸರದ ತೀರ್ಮಾನವಾದೀತು. ‘ಯಂತ್ರದ ಮುಂದೆ ಹೀಗೆ ಹಾಡಿದರು’ ಎಂದಷ್ಟೇ ಹೇಳಲು ನಮಗೆ ಅಧಿಕಾರವಿದೆ.

ತಟ್ಟೆಯ ನಡುವೆ ಅಂಟಿಸಿದ ಚೀಟಿಯೂ ಒಂದು ಆಧಾರವೇ. 1932ರಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಹೊರಬಂದಾಗ ಅವರ ಹೆಸರು ‘ಗಾಂಧಾರಿ’ ಎಂದಿತ್ತು; ಕಲಾವಿದೆಯ ಹೆಸರನ್ನು ಕೂಡ ವ್ಯಾಪಾರವು ತಿದ್ದಬಲ್ಲುದೆಂಬುದಕ್ಕೆ ಇದು ನಿದರ್ಶನ. ಬೀಳಗಿಯ ಸೋದರಿಯರ ಹೆಸರಿನ ಮುಂದೆ ‘ಕರ್ನಾಟಕಿ’ ಎಂಬ ವಿಶೇಷಣವಿತ್ತು. ಅವರ ಊರು ಮುಂಬಯಿ ಪ್ರಾಂತದಲ್ಲಿತ್ತು, ನೆರೆಯ ಊರುಗಳು ಬೇರೆಬೇರೆ ಸಂಸ್ಥಾನಗಳಲ್ಲಿದ್ದವು. ಕನ್ನಡನಾಡುಗಳು ಒಂದು ರಾಜ್ಯವಾದದ್ದು 1956ರಲ್ಲಿ. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಎಷ್ಟೋ ಮೊದಲು ಮರಾಠಿ ಹಾಡನ್ನೂ ಹಿಂದಿ ಹಾಡನ್ನೂ ಹಾಡುತ್ತಿದ್ದ ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳ ಹೆಸರಿನೊಡನೆ ನಾಡಿನ ಹೆಸರು ಮನೆಮನೆಯನ್ನು ಸೇರಿತು. ಏಕೀಕರಣದ ಇತಿಹಾಸದಲ್ಲಿ ನಾವು ಸಾಮಾನ್ಯವಾಗಿ ಸಭೆಗಳನ್ನೂ ಠರಾವುಗಳನ್ನೂ ಪತ್ರಿಕೆಗಳನ್ನೂ ಎಣಿಸುತ್ತೇವೆ. ಈ ಚೀಟಿಗಳನ್ನೂ ಎಣಿಕೆಗೆ ತೆಗೆದುಕೊಳ್ಳುವುದು ನ್ಯಾಯ.

ತಟ್ಟೆಯ ಮಿತಿ ಕೇವಲ ಅದರ ಕಿರಿದಾದ ಅವಧಿಯಿಂದ ಉಂಟಾದುದೇ, ಇಡೀ ಪ್ರದರ್ಶನವನ್ನು ಚಿತ್ರಸಹಿತ ಮುದ್ರಿಸಿದರೆ ಸಂಶಯ ನಿವಾರಣೆಯಾಗುವುದೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದಕ್ಕೆ ಉತ್ತರವನ್ನು ಹೊರನಾಡಿನ ಒಂದು ಪ್ರಸಂಗದಿಂದ ಪಡೆಯಬಹುದು. ಆಂಗ್ಲ ರಾಕ್ ಸಂಗೀತದ ‘ಕ್ವೀನ್’ ತಂಡ 1970ರಲ್ಲಿ ಹುಟ್ಟಿದ್ದು. ಅದರ ಮುಖ್ಯ ಗಾಯಕ ಫ್ರೆಡಿ ಮರ್ಕ್ಯುರಿ ಪಾರಸಿ ಮನೆತನದವನು; ಬಾಲ್ಯದ ವಿದ್ಯಾಭ್ಯಾಸವನ್ನು ನಮ್ಮ ಕೃಷ್ಣೆಯ ಮೇಲ್ಕಣಿವೆಯಲ್ಲಿರುವ ಪಂಚಗಣಿಯ ವಸತಿಶಾಲೆಯಲ್ಲಿ ಮಾಡಿದವನು. 1986ರ ಜುಲೈ 11 ಮತ್ತು 12ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಈ ತಂಡ ಹಾಡಿತು. ಎರಡನೆಯ ರಾತ್ರಿಯ ಕಾರ್ಯಕ್ರಮ 1990ರಲ್ಲಿ ಮನೆಯ ವಿಡಿಯೋ ಕ್ಯಾಸೆಟ್ಟಾಗಿ ಮಾರಾಟಕ್ಕೆ ಬಂದಾಗ ಅದರಲ್ಲಿ ಅನೇಕ ಹಾಡುಗಳನ್ನು ಕೈಬಿಡಲಾಗಿತ್ತು. 2003ರಲ್ಲಿ ಡಿ.ವಿ.ಡಿ. ಬಂದ ಬಳಿಕವೇ ಆ ರಾತ್ರಿಯ ಪೂರ್ಣ ಕಾರ್ಯಕ್ರಮ ಮನೆಗಳನ್ನು ಸೇರಿತು. ನಡುವಣ 13 ವರ್ಷಗಳಲ್ಲಿ ಕ್ಯಾಸೆಟ್ಟನ್ನಷ್ಟೇ ನೋಡಿದವನಿಗೆ ಆ ರಾತ್ರಿಯ ಹಾಡುಗಳ ಸರಿಯಾದ ಅನುಕ್ರಮವೂ ತಿಳಿಯುವಂತಿರಲಿಲ್ಲ. ಪೂರ್ಣ ಮುದ್ರಿಕೆಯಲ್ಲಿ ಕೂಡ ಕ್ಯಾಮರಾ ಯಾವ ಮುಖವನ್ನು ಹಿಡಿಯಿತು, ಜನರ ಕೂಗನ್ನು ಎಷ್ಟು ಏರಿಸಿತು ಎಂಬುದನ್ನು ಜೋಡಣೆ ಮಾಡಿದವರೇ ನಿರ್ಧರಿಸಿರುತ್ತಾರೆ. ಅಂದಮೇಲೆ ಉಪಕರಣ ಸುಧಾರಿಸಿದ ಮಾತ್ರಕ್ಕೆ ಆಧಾರ ನಿರ್ದುಷ್ಟವಾಗದು. ಆಯ್ಕೆ ಮಾಡುವ ಕೈ ಹಾಗೆಯೇ ಉಳಿಯುತ್ತದೆ.

ನಮ್ಮ ಸೀಮೆಯಲ್ಲಿಯೂ 1980ರ ದಶಕದಿಂದ ಕ್ಯಾಸೆಟ್ಟುಗಳು ಹರಡಿದವು. ಭಜನೆ, ಗೀಗೀಪದ, ಪಾರಿಜಾತ, ಹಾಸ್ಯನಾಟಕಗಳೆಲ್ಲ ಪೇಟೆಯ ಅಂಗಡಿಗಳಿಗೆ ಬಂದವು. ಮುಂದೆ ದೃಶ್ಯದ ಬಿಲ್ಲೆಗಳೂ ಬಂದವು. ಇಂದು ಜಾತ್ರೆಯಲ್ಲಿ ನಡೆಯುವ ಆಟವನ್ನು ಪ್ರೇಕ್ಷಕರೇ ಮೊಬೈಲಿನಲ್ಲಿ ಹಿಡಿಯುತ್ತಾರೆ. ವ್ಯಾಪಾರಕ್ಕಾಗಿ ಮಾಡಿದ ಮುದ್ರಿಕೆಯಲ್ಲಿ ಭಾಗವತನ ಆಶುಸಂವಾದ ಸಹಜವಾಗಿ ಮೊಟಕಾಗುತ್ತದೆ. ಏಕೆಂದರೆ ಒಂದೂರಿನ ವಿನೋದ ಮತ್ತೊಂದೂರಿನ ಗಿರಾಕಿಗೆ ಹಿಡಿಸದು. ಇತಿಹಾಸಕಾರನಿಗಾದರೋ ಆ ಭಾಗವೇ ಹೆಚ್ಚು ಬೆಲೆಯುಳ್ಳದ್ದು. ಊರಿನವರು ಹಿಡಿದ ಅಡ್ಡಾದಿಡ್ಡಿ ಮುದ್ರಿಕೆಯು ಅಂಗಡಿಯ ನಯವಾದ ಬಿಲ್ಲೆಗಿಂತ ಕೆಲವೊಮ್ಮೆ ಮೇಲಾದ ಆಧಾರವಾಗುವುದು ಹೀಗೆ.

ಮೇಲಿನ ವಿವೇಚನೆಯಿಂದ ಮುದ್ರಿತ ಪ್ರದರ್ಶನವನ್ನು ಪರೀಕ್ಷಿಸುವಾಗ ಮೂರು ಸಂಗತಿಗಳನ್ನು ತಪ್ಪದೆ ವಿಚಾರಿಸಬೇಕೆಂದು ನಮಗೆ ತೋರುತ್ತದೆ. ಪ್ರದರ್ಶನ ಜನರ ಮುಂದೆ ನಡೆಯಿತೋ ಯಂತ್ರದ ಮುಂದೆಯೋ ಎಂಬುದು ಮೊದಲನೆಯದು. ಅದರಿಂದ ಏನನ್ನು, ಯಾವ ಕಾರಣಕ್ಕಾಗಿ ತೆಗೆದುಹಾಕಲಾಯಿತು ಎಂಬುದು ಎರಡನೆಯದು. ಅದನ್ನು ಯಾರು ಕೊಂಡರು, ಎಂಥ ಮನೆಯಲ್ಲಿ ಯಾರ ಜೊತೆ ಕುಳಿತು ಕೇಳಿದರು ಎಂಬುದು ಮೂರನೆಯದು. ಮೊದಲಿನೆರಡು ಪ್ರಶ್ನೆಗಳು ಕಲೆಯ ಇತಿಹಾಸಕ್ಕೆ ಸಂಬಂಧಿಸಿದವು. ಮೂರನೆಯದು ಸಮಾಜದ ಇತಿಹಾಸಕ್ಕೆ ಸಂಬಂಧಿಸಿದ್ದು, ಮತ್ತು ಈವರೆಗೆ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾದದ್ದು.

ಈ ಆಧಾರಗಳು ತಾಳಿಕೆಯುಳ್ಳವಲ್ಲ. ಅರಗಿನ ತಟ್ಟೆ ಕೈತಪ್ಪಿದರೆ ಒಡೆಯುತ್ತದೆ. ಕ್ಯಾಸೆಟ್ಟಿನ ಸುರುಳಿಗೆ ಬೂಷ್ಟು ಹಿಡಿಯುತ್ತದೆ. ಮೊಬೈಲಿನ ಮುದ್ರಿಕೆ ಮೊಬೈಲಿನೊಡನೆಯೇ ಕಳೆದುಹೋಗುತ್ತದೆ. ಶಾಸನವು ಸಾವಿರ ವರ್ಷ ಬಾಳಿತೆಂದು ತಟ್ಟೆಯೂ ಬಾಳೀತೆಂದು ನಂಬಿ ಕುಳಿತಿರುವುದು ಸಲ್ಲದು. ಮಹಾಲಿಂಗಪುರ, ಜಮಖಂಡಿ, ಮುಧೋಳ, ಬೀಳಗಿಗಳ ಮನೆಗಳಲ್ಲಿ ಅಟ್ಟದ ಮೇಲೆ ಉಳಿದಿರಬಹುದಾದ ತಟ್ಟೆಗಳನ್ನೂ ಸುರುಳಿಗಳನ್ನೂ ಊರೂರಿಗೆ ಹೋಗಿ ಪಟ್ಟಿಮಾಡಿ, ಅವುಗಳ ಚೀಟಿಗಳ ನಕಲು ತೆಗೆದು, ಅವುಗಳನ್ನು ಕೇಳಿ ಬೆಳೆದ ಹಿರಿಯರ ಹೇಳಿಕೆಗಳನ್ನು ಜೊತೆಗೆ ಬರೆದಿಡುವುದು ಈ ಹೊತ್ತಿನ ಕೆಲಸ. ಮೂರನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಆ ಹಿರಿಯರು ಮಾತ್ರ. ಆದುದರಿಂದ ತಟ್ಟೆಗಳನ್ನು ಕೂಡಿಸುವ ಮೊದಲೇ ಅವರನ್ನು ಕಾಣುವುದು ಉಚಿತ. ವಿಭಾಗದ ವಿದ್ಯಾರ್ಥಿಗಳು ತಂತಮ್ಮ ಊರುಗಳಿಂದಲೇ ಇದನ್ನು ಆರಂಭಿಸಬಹುದಾಗಿದೆ.