ಸಮುದ್ರದ ಪಕ್ಕದ ಬೆಟ್ಟ

ನಮ್ಮ ಹಾಲು ಉತ್ಪಾದಕರ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಹಳೇ ಸಂಗತಿ ಏನಾದರೂ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಕೇಳಿದರು. ಊರಿನ ಇತಿಹಾಸ ಬರೆಯುವಷ್ಟು ಪಾಂಡಿತ್ಯ ನಮಗಿಲ್ಲ. ನಮ್ಮ ಮನೆಯದೇ ಒಂದು ಸಂಗತಿ ಈಚೆಗೆ ಬೆಳಕಿಗೆ ಬಂದಿದೆ, ಅದನ್ನೇ ಬರೆಯುತ್ತೇವೆ.

ನಮ್ಮದು ಮೂಲದಲ್ಲಿ ಸಿಲೇದಾರಿ ಮರಾಠರ ಮನೆತನ. ಸಿಲೇದಾರಿ ಅಂದರೆ ಸ್ವಂತ ಕುದುರೆ ತಂದು ಚಾಕರಿಗೆ ಸೇರುವ ಪದ್ಧತಿ. ನಮ್ಮ ಮುತ್ತಾತ ಮೊದಲನೇ ಮಹಾಯುದ್ಧಕ್ಕೆ ಹೋಗಿದ್ದರು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಆದರೆ ಹೋಗಿದ್ದು ಕುದುರೆ ಕಾಯಲಿಕ್ಕೆ, ಲದ್ದಿ ಬಾಚಲಿಕ್ಕೆ, ಈಟಿ ಹಿಡಿದೋನಲ್ಲ ಅಂತ ಅರಳಿಕಟ್ಟೆ ಮೇಲೆ ಕೂತವರು ನಗುತ್ತಿದ್ದರಂತೆ. ಅದಕ್ಕೆ ಕಾರಣವೂ ಇತ್ತು. ಸಮುದ್ರದ ಪಕ್ಕದಲ್ಲೇ ಬೆಟ್ಟ, ಅದರ ಮೇಲೆ ಫಿರಂಗಿ, ಹತ್ತುವಾಗ ಕುದುರೆ ಮಂಡಿಯೂರಿ ಬಿತ್ತು ಅಂತ ಮುತ್ತಾತ ಹೇಳೋರಂತೆ. ಮಿಸರ ದೇಶ ಅಂದರೆ ಬರೀ ಮರಳು, ಅಲ್ಲಿ ಬೆಟ್ಟ ಎಲ್ಲಿಂದ ಬಂತಪ್ಪಾ ಅಂತ ಕೇಳೋರು. ಕಡೆಕಡೆಗೆ ಅವರು ಆ ಮಾತೆತ್ತುವುದನ್ನೇ ಬಿಟ್ಟರು. ನಮ್ಮ ತಾತನಿಗೆ ಅದು ಸಾಯುವವರೆಗೂ ಕೊರಗಾಗಿತ್ತು.

ಮನೆಯಲ್ಲಿ ಉಳಿದಿದ್ದು ಒಂದು ಕಂಚಿನ ಬಿಲ್ಲೆ. ಅದರ ಮೇಲೆ ರೆಕ್ಕೆ ಇರುವ ಹೆಂಗಸಿನ ಚಿತ್ರ. ನಮ್ಮ ಅಜ್ಜಿ ಅದನ್ನು ಭವಾನಿ ಅಂತಲೇ ತಿಳಿದು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಹಿಂಭಾಗದಲ್ಲಿ 1914-1919 ಅಂತ ಕಂಡಿತು. ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ನಮ್ಮೂರ ಮೇಷ್ಟ್ರು ಭೂತಕನ್ನಡಿ ಹಿಡಿದು ಓದಿದರು: ಒಂದು ನಂಬರು, ಸವಾರ ಅನ್ನುವ ಪದ, ಮುತ್ತಾತನ ಹೆಸರು, ಮೈಸೂರು ಲಾನ್ಸರ್ಸ್.

ಮೈಸೂರು ಲಾನ್ಸರ್ಸ್ ಅಂದರೆ ಮಹಾರಾಜರ ಈಟಿ ಸವಾರರ ದಳ. 1914ರ ಕೊನೆಯಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದ ದಳವಿದು. ಹೈದರಾಬಾದು, ಜೋಧಪುರದ ಸವಾರರ ಜತೆ ಸೇರಿ 15ನೇ ಬ್ರಿಗೇಡ್ ಆಯಿತು. ಆ ಬ್ರಿಗೇಡಿನ ಚರಿತ್ರೆ 1920ರಲ್ಲೇ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾಗಿದೆ. ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗ ಅದರ ಪುಟಗಳ ನಕಲು ತಂದುಕೊಟ್ಟ. ಮೇಷ್ಟ್ರು ಓದಿ ಅರ್ಥ ಹೇಳುತ್ತಾ ಹೋದರು, ನಾವು ಕೇಳುತ್ತಾ ಹೋದೆವು.

1918ನೇ ಇಸವಿ ಸೆಪ್ಟೆಂಬರ್ 23. ಪ್ಯಾಲೆಸ್ಟೀನಿನ ಹೈಫಾ ಬಂದರು, ಇವತ್ತು ಅದು ಇಸ್ರೇಲಿನಲ್ಲಿದೆ. ಊರಿನ ಒಂದು ಮಗ್ಗುಲಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಿಗೆ ಕಿಶೋನ್ ಹೊಳೆ, ಮುಂದೆ ಸಮುದ್ರ. ಬೆಟ್ಟದ ಮೇಲೆ ತುರ್ಕರ ಫಿರಂಗಿಗಳು, ದಾರಿಯುದ್ದಕ್ಕೂ ಮೆಷಿನ್‌ಗನ್ನುಗಳು. ಆ ದಿನ ಹೈದರಾಬಾದಿನವರು ಸೆರೆಯಾಳುಗಳ ಕಾವಲಿಗೆ ಹೋಗಿದ್ದರಿಂದ ಕೆಲಸವೆಲ್ಲ ಮೈಸೂರು, ಜೋಧಪುರದವರ ಮೇಲೆ ಬಿತ್ತು. ಫಿರಂಗಿಗಳ ಬಾಯಿ ಮುಚ್ಚಿಸಲು ಮೈಸೂರಿನ ಒಂದು ತುಕಡಿಯನ್ನು ಬೆಟ್ಟ ಹತ್ತಿಸಿದರು. ಕಡಿದಾದ ಕಲ್ಲುದಾರಿ, ಹತ್ತುತ್ತಾ ಹತ್ತುತ್ತಾ ಕುದುರೆಗಳು ಸೋತು, ಮೇಲೆ ಮುಟ್ಟಿ ನುಗ್ಗುವ ಹೊತ್ತಿಗೆ ಕುದುರೆ ಮೇಲೆ ಉಳಿದವರು ಕೆಲವೇ ಮಂದಿ. ಆದರೂ ನುಗ್ಗಿದರು. ಅತ್ತ ಮಧ್ಯಾಹ್ನ ಎರಡರ ಹೊತ್ತಿಗೆ ಜೋಧಪುರದವರು ಹೊರಟರೆ ಹೊಳೆದಡದ ಹೂಳಿನಲ್ಲಿ ಕುದುರೆಗಳು ಸಿಕ್ಕಿಕೊಂಡವು. ಎಡಕ್ಕೆ ತಿರುಗಿ ಬೆಟ್ಟದ ಬುಡದ ಕಡೆಯಿಂದ ದೌಡಾಯಿಸಬೇಕಾಯಿತು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ಸಂಜೆಯೊಳಗೆ ಊರು ಕೈಸೇರಿತು. 1,350 ಸೆರೆಯಾಳುಗಳು, 17 ಫಿರಂಗಿಗಳು, 11 ಮೆಷಿನ್‌ಗನ್ನುಗಳು ಸಿಕ್ಕವು.

ಬೆಟ್ಟದ ಮಾತು ಬಂದಾಗ ಮೇಷ್ಟ್ರು ಓದುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದರು. ಸಮುದ್ರದ ಪಕ್ಕದ ಬೆಟ್ಟ ಪುಸ್ತಕದಲ್ಲಿತ್ತು. ಮುತ್ತಾತ ಸುಳ್ಳು ಹೇಳಿರಲಿಲ್ಲ.

ಅವರ ಹೆಸರೇನೂ ನಮಗೆ ಆ ಪುಟಗಳಲ್ಲಿ ಸಿಗಲಿಲ್ಲ. ಇಂಥ ಪುಸ್ತಕಗಳ ರೀತಿಯೇ ಹಾಗೆ. ಅಧಿಕಾರಿಗಳಿಗೆ ಹೆಸರು, ಸವಾರರಿಗೆ ಲೆಕ್ಕ. ಹೈಫಾದಲ್ಲಿ ಸತ್ತ ಸವಾರರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ನಮ್ಮ ಸಂಘದ ಸದಸ್ಯರೆಲ್ಲ ದನಕರು ಕಟ್ಟಿದವರು, ಒಂದೇ ಮಧ್ಯಾಹ್ನ ಅರವತ್ತು ಪ್ರಾಣಿ ಹೋದವು ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ.

ಲದ್ದಿ ಬಾಚಿದರು ಅನ್ನುವ ಮಾತಿಗೂ ಉತ್ತರ ಸಿಕ್ಕಿತು. ಆ ಯುದ್ಧದ ಇನ್ನೊಂದು ಪದಕವನ್ನು ಹೋರಾಡಿದವರಿಗೆ ಬೆಳ್ಳಿಯಲ್ಲಿ ಕೊಡುತ್ತಿದ್ದರು. ಕುದುರೆ ಆಳು, ಅಡಿಗೆಯವರು ಮುಂತಾದ ಹಿಂಬಾಲಕರಿಗೆ ಅದೇ ಪದಕ ಕಂಚಿನಲ್ಲಿ. ಮುತ್ತಾತನ ಆ ಪದಕ ಈಗ ಮನೆಯಲ್ಲಿಲ್ಲ. ಒಂದು ಬರಗಾಲದಲ್ಲಿ ಚಿನಿವಾರರಿಗೆ ತೂಕಕ್ಕೆ ಮಾರಿ ರಾಗಿ ತಂದರಂತೆ. ಆ ಮಾತು ಊರಿನ ಹಿರೀಕರಿಗೂ ಗೊತ್ತು. ಕಂಚಾಗಿದ್ದರೆ ಯಾವ ಚಿನಿವಾರ ರಾಗಿಯಷ್ಟು ದುಡ್ಡು ಕೊಟ್ಟಾನು? ಇನ್ನು ಈ ಬಿಲ್ಲೆಯ ಅಂಚಿನಲ್ಲಿ ಸವಾರ ಅಂತಲೇ ಇದೆ.

ಹೈಫಾ ಆದ ಮೇಲೂ ಯುದ್ಧ ಮುಗಿಯಲಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೋ ಆಚೆ ಹರಿತಾನ್ ಎಂಬಲ್ಲಿ ಇದೇ ಎರಡು ದಳಗಳು ಮತ್ತೆ ನುಗ್ಗಿ ಬಹಳ ಜನರನ್ನು ಕಳೆದುಕೊಂಡವು. ಐದು ದಿನ ಕಳೆದು ತುರ್ಕರ ಜತೆ ಕದನವಿರಾಮ ಜಾರಿಗೆ ಬಂತು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಯೋಧರಲ್ಲಿ ಒಬ್ಬ ಮೈಸೂರಿನವನು. ಆ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದ್ದಾರೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲಾನ್ಸರ್ಸಿನ ಸ್ಮಾರಕ ಕಂಬವಿದೆ.

ಸಮಾರಂಭದ ದಿನ ಬಿಲ್ಲೆಯನ್ನೂ ನಕಲು ಪುಟಗಳನ್ನೂ ಸಂಘದ ಕಚೇರಿಯಲ್ಲಿ ಮೇಜಿನ ಮೇಲೆ ಇಟ್ಟಿರುತ್ತೇವೆ. ನಿಮ್ಮ ಮನೆಗಳಲ್ಲೂ ಇಂಥ ಬಿಲ್ಲೆಯೋ ಹಳೇ ಕಾಗದವೋ ಇದ್ದರೆ ದಯಮಾಡಿ ತನ್ನಿ, ಮೇಷ್ಟ್ರು ಭೂತಕನ್ನಡಿ ತರುತ್ತಾರೆ. ಓದಬೇಕಾದ್ದು ಅಂಚಿನಲ್ಲಿರುತ್ತದೆ; ಬಹಳ ತಿಕ್ಕಬೇಡಿ, ಅಕ್ಷರ ಸವೆದುಹೋದೀತು.