ಮನಶ್ಶಾಸ್ತ್ರಜ್ಞರ ನೋಂದಣಿ: ರಾಮನಗರ ಸೀಮೆಯಿಂದ ಕಂಡ ಚರಿತ್ರೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಕೂಡಿಸಿ 2007ರಲ್ಲಿ ಪ್ರತ್ಯೇಕ ಜಿಲ್ಲೆ ಮಾಡುವ ಹೊತ್ತಿಗೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ದೆಹಲಿಯ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯವಾಗಿತ್ತು. ಆದರೆ ಬರೀ ಮನಶ್ಶಾಸ್ತ್ರಜ್ಞ ಅಥವಾ ಆಪ್ತ ಸಮಾಲೋಚಕ ಎಂದು ಬೋರ್ಡು ಹಾಕಿಕೊಳ್ಳುವವರನ್ನು ಯಾವ ಪರಿಷತ್ತೂ ಕೇಳುವಂತಿರಲಿಲ್ಲ. ಈ ಅಂತರ ಹುಟ್ಟಿದ್ದು ಹೇಗೆಂದು ತಿಳಿಯಲು ಹಳೆಯ ಮೈಸೂರಿಗೇ ಹೋಗಬೇಕು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ್ದು 1924ರಲ್ಲಿ. 1930ರ ದಶಕದಲ್ಲಿ ವಿ.ವಿ. ಕಾಮತ್ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಬಹುಕಾಲ ಬಳಕೆಯಲ್ಲಿ ಉಳಿಯಿತು. ವಿದ್ಯೆ ಬಂತು, ಉಪಕರಣವೂ ಬಂತು. ಅದನ್ನು ಯಾರು ಬಳಸಬಹುದೆಂದು ಹೇಳುವ ಕಾನೂನು ಮಾತ್ರ ಬರಲಿಲ್ಲ. ವೈದ್ಯರಿಗೆ 1961ರ ರಾಜ್ಯ ವೈದ್ಯಕೀಯ ನೋಂದಣಿ ಕಾಯ್ದೆ ಇತ್ತು. ಅಮೆರಿಕದಲ್ಲಿ ಕನೆಕ್ಟಿಕಟ್ ರಾಜ್ಯ 1945ರಲ್ಲೇ ಮನಶ್ಶಾಸ್ತ್ರಜ್ಞರಿಗಾಗಿ ಕಾನೂನು ಮಾಡಿತ್ತು. ನಮ್ಮಲ್ಲಿ ಅಂಥದ್ದೊಂದು ಬೇಕೆಂದು ವಿಶ್ವವಿದ್ಯಾನಿಲಯಗಳು ಪಟ್ಟು ಹಿಡಿಯದಿದ್ದುದೇ ಮುಂದಿನ ತೊಡಕಿಗೆ ಒಂದು ಕಾರಣವೆಂದು ನನ್ನ ಎಣಿಕೆ.

ಚಿಕಿತ್ಸೆಯ ದಾರಿ ಬೇರೆ ಕಡೆಯಿಂದ ತೆರೆಯಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಮರುವರ್ಷವೇ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ಶುರುವಾಯಿತು. ಈ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಕಲಿತವರ ಅರ್ಹತೆಗೆ ಸಂಸ್ಥೆಯ ಹೆಸರೇ ಸಾಕ್ಷಿ. 1912ರ ಹುಚ್ಚರ ಕಾಯ್ದೆಯಾಗಲಿ, 1987ರ ಮಾನಸಿಕ ಆರೋಗ್ಯ ಕಾಯ್ದೆಯಾಗಲಿ ಕಣ್ಣಿಟ್ಟದ್ದು ಆಸ್ಪತ್ರೆಗಳ ಮೇಲೆ ಮತ್ತು ಒಳಗಿದ್ದ ರೋಗಿಗಳ ಮೇಲೆ. ಮನಶ್ಶಾಸ್ತ್ರಜ್ಞರಿಗೆ ಪರವಾನಗಿ ಕೊಡುವ ಯೋಚನೆ ಎರಡರಲ್ಲೂ ಇಲ್ಲ.

ಕೊನೆಗೆ ನೋಂದಣಿ ಬಂದದ್ದು ಅಂಗವೈಕಲ್ಯದ ಬಾಗಿಲಿನಿಂದ. 1992ರ ಪುನರ್ವಸತಿ ಪರಿಷತ್ ಕಾಯ್ದೆಯ ಪಟ್ಟಿಯಲ್ಲಿ ಶ್ರವಣಯಂತ್ರದ ತಂತ್ರಜ್ಞರು, ವಿಶೇಷ ಶಿಕ್ಷಕರು ಇವರ ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟರೂ ಕೂತಿದ್ದಾರೆ. 13ನೇ ಕಲಮಿನ ಪ್ರಕಾರ ಕೇಂದ್ರ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ವೃತ್ತಿ ನಡೆಸುವಂತಿಲ್ಲ, ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ, ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ, ನ್ಯಾಯಾಲಯದಲ್ಲಿ ತಜ್ಞಸಾಕ್ಷಿ ನುಡಿಯುವಂತಿಲ್ಲ. ತಪ್ಪಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ದಂಡಕ್ಕೆ ಹೆದರುವವರು ಯಾರೋ! ಆದರೂ ಮಾಗಡಿಯ ಹಳ್ಳಿಯೊಂದರಿಂದ ಮಗುವನ್ನು ಕರೆತಂದು ಬುದ್ಧಿಮತ್ತೆಯ ವರದಿ ಕೇಳುವ ತಾಯಿಗೆ ಆ ಸಹಿಯ ಬೆಲೆ ದೊಡ್ಡದು. ಅಂಗವಿಕಲತೆಯ ಪ್ರಮಾಣಪತ್ರ, ಪಿಂಚಣಿ, ಬಸ್ ಪಾಸು ಎಲ್ಲಕ್ಕೂ ಆ ವರದಿಯೇ ಮೊದಲ ಮೆಟ್ಟಿಲು.

2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮೊದಲ ಬಾರಿಗೆ ರಾಜ್ಯಕ್ಕೂ ಒಂದು ಪಾತ್ರ ಕೊಟ್ಟಿತು. ಕ್ಲಿನಿಕಲ್ ಸೈಕಾಲಜಿಸ್ಟರ ಹೆಸರು ನೋಂದಾಯಿಸಿ ಪಟ್ಟಿ ಪ್ರಕಟಿಸುವುದು ಈಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಹೊಣೆ. ಅರ್ಹತೆಯನ್ನು ನಿರ್ಧರಿಸುವ ಅಧಿಕಾರ ಮಾತ್ರ ಪುನರ್ವಸತಿ ಪರಿಷತ್ತಿನ ಕೈಯಲ್ಲೇ ಉಳಿಯಿತು. ಸ್ನಾತಕೋತ್ತರ ಪದವಿ, ಅದರ ಮೇಲೆ ಮೇಲ್ವಿಚಾರಣೆಯ ತರಬೇತಿಯಿರುವ ಎರಡು ವರ್ಷದ ಎಂ.ಫಿಲ್. ಎಂಬುದು ಬಹುಕಾಲ ಅದರ ಮುಖ್ಯ ಮಾನದಂಡವಾಗಿತ್ತು. ಹೊರಗುಳಿದಿದ್ದ ಇತರ ಮನಶ್ಶಾಸ್ತ್ರಜ್ಞರನ್ನು, ಸಮಾಲೋಚಕರನ್ನು ಒಳಗೊಂಡದ್ದು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಅದರಡಿ ಪ್ರತಿ ರಾಜ್ಯವೂ ಪರಿಷತ್ತು ರಚಿಸಬೇಕು. ಹೀಗೆ ಒಂದೇ ವಿಭಾಗದಲ್ಲಿ ಎಂ.ಎ. ಓದಿದ ಇಬ್ಬರು ಎರಡು ಬೇರೆ ಕಾನೂನುಗಳ ಅಧೀನರಾದರು.

ನಿಯಮ ಬಿಗಿಯಾದಷ್ಟೂ ಜನ ಸಾಲದೆ ಹೋಗುವುದು ಜಿಲ್ಲೆಗಳ ಕಷ್ಟ. ತರಬೇತಿಯ ಸೀಟುಗಳು ಕಡಿಮೆ, ಓದಿ ಬಂದವರನ್ನು ಬೆಂಗಳೂರು ಸೆಳೆದುಕೊಳ್ಳುತ್ತದೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರಿಗೂ ಜಾಗವಿದೆ. ಇಡೀ ಜಿಲ್ಲೆಯ ಜನಕ್ಕೆ ಆ ಒಂದು ಕುರ್ಚಿ ಎಲ್ಲಿಗೆ ಸಾಕು? ವೃತ್ತಿಪರರ ಸಂಖ್ಯೆಯನ್ನು, ಕಾಯ್ದೆ ಜಾರಿಯಾದ ಹತ್ತು ವರ್ಷದೊಳಗೆ, ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸಲು ಸರ್ಕಾರ ಯತ್ನಿಸಬೇಕೆಂದು 2017ರ ಕಾಯ್ದೆಯ 31ನೇ ಕಲಮು ಹೇಳುತ್ತದೆ. ಆ ಗಡುವು 2028ಕ್ಕೆ ಮುಗಿಯುತ್ತದೆ.