ಗಾಳಿ ಯಾವ ರಸ್ತೆ ದಾಟಿತು?

ಅಮೆರಿಕದ ಒಕ್ಲಹೋಮಾ ಸಿಟಿಯ ಕೆಡಬ್ಲ್ಯುಟಿವಿ ಚಾನೆಲ್‌ನಲ್ಲಿ 1972ರಿಂದ 2013ರವರೆಗೆ ಹವಾಮಾನ ಹೇಳಿದ ಗ್ಯಾರಿ ಇಂಗ್ಲೆಂಡ್ ಅವರ ಹೆಸರು ಬಂದಾಗಲೆಲ್ಲ ಗಾಳಿಯ ವೇಗ ಅಳೆಯುವ ಡಾಪ್ಲರ್ ರೇಡಾರಿನ ಮಾತೂ ಬರುತ್ತದೆ. 1980ರ ದಶಕದ ಆರಂಭದಲ್ಲಿ, ಸರ್ಕಾರಿ ಹವಾಮಾನ ಕಚೇರಿಗಳಿಗೆ ಅಂಥ ರೇಡಾರುಗಳ ಜಾಲ ಬರುವ ಮೊದಲೇ, ಅವರ ಚಾನೆಲ್ ಅದನ್ನು ಹಾಕಿಸಿತ್ತು. ಆದರೆ ದುಡ್ಡಿದ್ದವರು ಯಾರು ಬೇಕಾದರೂ ಯಂತ್ರ ಕೊಳ್ಳಬಹುದು. ಎಚ್ಚರಿಕೆಯನ್ನು ನಕ್ಷೆಯಿಂದ ಇಳಿಸಿ ಬೀದಿಬೀದಿಯ ಮಾತಾಗಿಸಿದ್ದೇ ಅವರ ದೊಡ್ಡ ಕೆಲಸ ಎಂಬುದು ನನ್ನ ವಾದ.

ಅದರ ಬೆಲೆ ತಿಳಿಯಬೇಕಾದರೆ ಹಿಂದಿನ ಮೌನವನ್ನು ನೋಡಬೇಕು. ಜನ ಗಾಬರಿಬೀಳುತ್ತಾರೆಂದು ಅಲ್ಲಿನ ಹವಾಮಾನ ಇಲಾಖೆ ಸುಂಟರಗಾಳಿಯ ಹೆಸರನ್ನೇ ಮುನ್ಸೂಚನೆಯಲ್ಲಿ ಎತ್ತದ ಕಾಲವಿತ್ತು. 1947ರ ಏಪ್ರಿಲ್ 9ರ ರಾತ್ರಿ ಒಕ್ಲಹೋಮಾದ ವುಡ್‌ವರ್ಡ್ ಊರಿನಲ್ಲಿ ಸುಂಟರಗಾಳಿಗೆ 100ಕ್ಕೂ ಹೆಚ್ಚು ಜನ ಸತ್ತರು, ಮುನ್ನೆಚ್ಚರಿಕೆ ಇರಲಿಲ್ಲ. ಇಂಗ್ಲೆಂಡ್ ಹುಟ್ಟಿದ ಸೀಲಿಂಗ್ ಅಲ್ಲಿಗೆ ದೂರವಲ್ಲ. ಮರುವರ್ಷ ಟಿಂಕರ್ ವಾಯುನೆಲೆಯ ಇಬ್ಬರು ಅಧಿಕಾರಿಗಳು ಸುಂಟರಗಾಳಿಯನ್ನು ಮೊದಲೇ ಹೇಳಿ ತೋರಿಸಿದರು. ಹಾಗೆ ಹೇಳಲು ನಿಷೇಧವೇನೂ ಇಲ್ಲವೆಂದು ಇಲಾಖೆ ಸ್ಪಷ್ಟಪಡಿಸಿದ್ದು 1950ರಲ್ಲಿ.

1999ರ ಮೇ 3ರಂದು ಬ್ರಿಡ್ಜ್ ಕ್ರೀಕ್‌ನಿಂದ ಮೂರ್ ಪಟ್ಟಣದತ್ತ ನುಗ್ಗಿದ ಸುಂಟರಗಾಳಿಯೊಳಗಿನ ಗಾಳಿಯ ವೇಗ ಗಂಟೆಗೆ ಸುಮಾರು 480 ಕಿಲೋಮೀಟರ್. ಚಾನೆಲ್ಲಿನ ಹೆಲಿಕಾಪ್ಟರ್ ಅದನ್ನು ನೇರವಾಗಿ ತೋರಿಸುತ್ತಿತ್ತು. ಒಳಕೋಣೆ ಸಾಲದು, ನೆಲದಡಿಗೆ ಇಳಿಯಿರಿ ಎಂದರು ಇಂಗ್ಲೆಂಡ್. ಸಾವಿರಾರು ಮನೆಗಳು ಹಾಳಾದವು. ಸತ್ತವರು 36 ಮಂದಿ. ವುಡ್‌ವರ್ಡ್‌ಗಿಂತ ಎಷ್ಟೋ ಹೆಚ್ಚು ಮನೆಗಳಿದ್ದ ದಾರಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಶ್ರೇಯಸ್ಸು ಸರ್ಕಾರಿ ಹವಾಮಾನ ಕಚೇರಿಗೆ ಸಲ್ಲಬೇಕಲ್ಲವೇ ಎನ್ನಬಹುದು. ಸಲ್ಲಬೇಕು, ಅಧಿಕೃತ ಎಚ್ಚರಿಕೆ ಆ ಕಚೇರಿಯದೇ. ಆದರೆ ಹೆಚ್ಚಿನವರಿಗೆ ಅದು ಮುಟ್ಟಿದ್ದು ಟಿವಿಯಿಂದ. ಮಳೆ ಬರುತ್ತದೋ ಇಲ್ಲವೋ ಎಂದು ದಿನವೂ ಹೇಳುತ್ತಿದ್ದ ಪರಿಚಿತ ಮುಖ ಓಡಿ ಎಂದರೆ ಜನ ಎದ್ದೇಳುತ್ತಾರೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಟಿವಿ ಭಯ ಮಾರಿ ವೀಕ್ಷಕರನ್ನು ಗಳಿಸುತ್ತದೆ. ಚಾನೆಲ್‌ಗಳ ಪೈಪೋಟಿ ಸುಳ್ಳಲ್ಲ; ರೇಡಾರ್ ಕೊಂಡದ್ದರಲ್ಲೂ ಅದರ ಪಾಲಿತ್ತು ಅನ್ನಿ. ಅದಕ್ಕಿಂತ ಕೆಟ್ಟದ್ದೂ ನಡೆದಿದೆ. 1991ರಲ್ಲಿ ಕಾನ್ಸಾಸ್‌ನ ಹೆದ್ದಾರಿ ಮೇಲ್ಸೇತುವೆಯಡಿ ಅವಿತು ಬದುಕುಳಿದವರ ದೃಶ್ಯ ದೇಶವಿಡೀ ಪ್ರಸಾರವಾಗಿ, ಮೇಲ್ಸೇತುವೆ ಸುರಕ್ಷಿತ ಎಂಬ ನಂಬಿಕೆ ಬೇರೂರಿತು. 1999ರ ಅದೇ ದಿನ ಮೇಲ್ಸೇತುವೆಗಳಡಿ ಮೂವರು ಸತ್ತರು. ಆ ತುಣುಕು ಎಲ್ಲರಿಗೂ ತೋರಿಸಿದ್ದು, ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ಇಂಗ್ಲೆಂಡ್ ಮಾತಾಡುತ್ತಿದ್ದದ್ದು ಗಾಳಿ ಇನ್ನು ಕೆಲವು ನಿಮಿಷಗಳಲ್ಲಿ ದಾಟಲಿದ್ದ ರಸ್ತೆಯ ಮನೆಗಳವರೊಡನೆ.